ಒಬ್ಬಟ್ಟು ತಿಂದ ಜೀವಕೋಶಗಳು

ನೀವು ಕೊನೆಯ ಸಲ ಒಂದು ವಾದದಲ್ಲಿ ಪೂರ್ತಿಯಾಗಿ ಗೆದ್ದಾಗ, ಸೋತವರು ಮರುದಿನ ನಿಮ್ಮ ಮಾತಿನಂತೆ ನಡೆದರೇ? ಎದುರಾಳಿ ತಲೆ ತಗ್ಗಿಸಿರಬಹುದು, ಕೇಳುತ್ತಿದ್ದವರು ಚಪ್ಪಾಳೆ ತಟ್ಟಿರಬಹುದು. ಆದರೆ ಅವರಲ್ಲಿ ಒಬ್ಬರಾದರೂ ಎದ್ದು ನಿಮ್ಮ ಬಳಿಗೆ ಬಂದು, ‘ಸರಿ, ಈಗ ನಾನೇನು ಮಾಡಬೇಕು ಹೇಳಿ’ ಎಂದು ಕೇಳಿದ್ದುಂಟೇ? ಕಾಲೇಜಿನ ವರ್ಷಗಳಲ್ಲಿ ಚರ್ಚಾಸ್ಪರ್ಧೆಯ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಗೆದ್ದು ತಂದ ಪಾರಿತೋಷಕಗಳು ನಮ್ಮ ಮನೆಯ ಗೋಡೆಗೂಡಿನಲ್ಲಿ ಸಾಲಾಗಿ ನಿಂತಿದ್ದವು. ವರದಕ್ಷಿಣೆಯನ್ನು ನಾನು ಎಷ್ಟೋ ಸಲ ವೇದಿಕೆಯ ಮೇಲೆ ಸೋಲಿಸಿದ್ದೆ. ವೇದಿಕೆಯ ಕೆಳಗೆ ಅದು ಸುಖವಾಗಿಯೇ ಇತ್ತು. ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಹಲಸೂರಿನ ಒಂದು ವಠಾರ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ನಾನು ಸಂಶೋಧನೆಗೆಂದು ಸೇರಿದ್ದ ಪ್ರಯೋಗಾಲಯ ದಂಡು ಪ್ರದೇಶದ ಒಂದು ಹಳೆಯ ಕಲ್ಲಿನ ಬಂಗಲೆಯಲ್ಲಿತ್ತು. ಮೇಲೆ ಮಂಗಳೂರು ಹೆಂಚು, ಕೆಳಗೆ ಕೆಂಪು ನೆಲ, ನಡುವೆ ಎಲ್ಲಿಂದಲೋ ತರಿಸಿದ ದುಬಾರಿ ಯಂತ್ರಗಳು. ಕಿಟಕಿ ತೆರೆದರೆ ಶಿವಾಜಿನಗರದ ಬಸ್ಸುಗಳ ಹಾರ್ನು, ಕಬಾಬಿನ ಹೊಗೆ, ನಾಲ್ಕು ಭಾಷೆಗಳ ಚೌಕಾಶಿ ಎಲ್ಲವೂ ಒಟ್ಟಿಗೆ ಒಳನುಗ್ಗುತ್ತಿದ್ದವು. ಆದ್ದರಿಂದ ಜೀವಕೋಶಗಳನ್ನು ಬೆಳೆಸುವ ಒಳಕೋಣೆಯ ಕಿಟಕಿಯನ್ನು ಎಂದೂ ತೆರೆಯುತ್ತಿರಲಿಲ್ಲ. ಹೊರಗಿನ ಗಾಳಿಯಲ್ಲಿ ತೇಲಿಬರುವ ಒಂದು ಬೂಷ್ಟಿನ ಕಣ ಸಾಕು, ವಾರಗಳ ಕೆಲಸ ಹಾಳಾಗಲು.

ಕೆಲಸವೇನೆಂದು ಸರಳವಾಗಿ ಹೇಳಿಬಿಡುತ್ತೇನೆ. ನಮ್ಮ ರಕ್ತದಲ್ಲಿ ರೋಗದೊಡನೆ ಹೋರಾಡುವ ಕೋಶಗಳಿವೆ. ಅವನ್ನು ಟಿ ಕೋಶಗಳೆನ್ನುತ್ತಾರೆ. ಅವು ಶೂರವಾದರೂ ಯಾರೊಡನೆ ಹೋರಾಡಬೇಕೆಂಬುದನ್ನು ಅವಕ್ಕೆ ಯಾರಾದರೂ ತೋರಿಸಿಕೊಡಬೇಕು. ತೋರಿಸಿಕೊಡುವುದು ಇನ್ನೊಂದು ಬಗೆಯ ಕೋಶ. ಅದರ ಮೈಯಿಂದ ಮರದ ಕೊಂಬೆಗಳಂಥ ಕವಲುಗಳು ಚಾಚಿಕೊಂಡಿರುತ್ತವೆ. ನಾನು ಅದನ್ನು ಕವಲುಕೋಶ ಎಂದು ಕರೆಯುತ್ತಿದ್ದೆ. ಕ್ಯಾನ್ಸರ್ ಗಡ್ಡೆ ನಮ್ಮದೇ ಮೈಯ ವೇಷದಲ್ಲಿ ಕುಳಿತಿರುವುದರಿಂದ ಈ ಕಾವಲುಗಾರರು ಮೋಸಹೋಗುತ್ತಾರೆ. ಕವಲುಕೋಶವನ್ನು ಮೈಯಿಂದ ಹೊರಗೆ ಬೆಳೆಸಿ, ಗಡ್ಡೆಯ ಗುರುತನ್ನು ಅದಕ್ಕೆ ಕಲಿಸಿ, ಮತ್ತೆ ರೋಗಿಯ ಮೈಗೇ ಬಿಟ್ಟರೆ ಹೇಗೆ? ಆಗ ಜಗತ್ತಿನ ಹಲವು ಕಡೆ ಜನ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ನಾವು ಆ ದಾರಿಯ ಮೊದಲ ಮೆಟ್ಟಿಲಲ್ಲಿದ್ದೆವು: ಆರೋಗ್ಯವಂತರ ರಕ್ತದಿಂದ ಕವಲುಕೋಶಗಳನ್ನು ಬೆಳೆಸಬಲ್ಲೆವೆಂದು ಮೊದಲು ತೋರಿಸಬೇಕಿತ್ತು. ರೋಗಿಗಳ ಸರದಿ ಬರುವುದು ಅದಾದ ಮೇಲೆ.

ಅಷ್ಟರವರೆಗೆ ಪ್ರಯೋಗಾಲಯದವರೇ ಒಬ್ಬರಿಗೊಬ್ಬರು ತೋಳು ಚಾಚಿ ಕೆಲಸ ಸಾಗಿಸುತ್ತಿದ್ದೆವು. ಒಂದು ದಿನ ಪರಿಶೀಲನಾ ಸಮಿತಿ ಅದು ಕೂಡದೆಂದಿತು. ಕೈಕೆಳಗಿನವರು ಮೇಲಿನವರಿಗೆ ರಕ್ತ ಕೊಡುವುದನ್ನು ಸ್ವಇಚ್ಛೆ ಎಂದು ಹೇಗೆ ಕರೆಯುವುದು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಹೊರಗಿನ ಆರೋಗ್ಯವಂತರು ಬರಬೇಕು, ಮುಂದಿನ ಸಭೆಯ ಹೊತ್ತಿಗೆ ಅವರ ಕೋಶಗಳನ್ನು ಬೆಳೆಸಿ ತೋರಿಸಬೇಕು. ಆಗದಿದ್ದರೆ ಈ ಅಧ್ಯಯನವನ್ನು ಮುಂಬಯಿಯ ಇನ್ನೊಂದು ಪ್ರಯೋಗಾಲಯಕ್ಕೆ ವಹಿಸುವುದು ಎಂದು ತೀರ್ಮಾನವಾಯಿತು. ನನ್ನ ಸಂಶೋಧನೆಯ ಬೇರೇ ಆ ಅಧ್ಯಯನದಲ್ಲಿತ್ತು. ಅದು ಹೋದರೆ ನಾನು ಇನ್ನಾವುದಾದರೂ ವಿಷಯ ಹುಡುಕಿಕೊಂಡು ಮೊದಲಿನಿಂದ ಆರಂಭಿಸಬೇಕಿತ್ತು.

ನಾನಿದ್ದದ್ದು ಹಲಸೂರಿನ ಕೆರೆಯಿಂದ ಸ್ವಲ್ಪ ದೂರದ ಒಂದು ವಠಾರದಲ್ಲಿ. ಅದರ ಒಡತಿಯ ಮನೆಯವರು ಒಂದು ಕಾಲಕ್ಕೆ ಅಲ್ಲಿ ಹೂವು, ಸೊಪ್ಪು ಬೆಳೆಯುತ್ತಿದ್ದವರು. ಹೊಲ ಹೋಗಿ ಮನೆಗಳ ಸಾಲು ಬಂದಿತ್ತು, ಆದರೆ ಆಕೆಯ ನಡಿಗೆ ಈಗಲೂ ಹೊಲ ನೋಡಲು ಹೊರಟವರದೇ. ಬಾಡಿಗೆಯವರೆಲ್ಲ ಆಕೆಯನ್ನು ಓನರಮ್ಮ ಎನ್ನುತ್ತಿದ್ದರು. ಆಕೆಯ ತಮ್ಮ ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಆಗಷ್ಟೇ ನಿವೃತ್ತರಾಗಿ ಅಕ್ಕನ ಪಕ್ಕದ ಮನೆಗೇ ಬಂದಿದ್ದರು. ಜೀವಮಾನವಿಡೀ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಆ ಮನುಷ್ಯನಿಗೆ ಈಗ ಬಿಚ್ಚಲು ಏನೂ ಉಳಿದಿರಲಿಲ್ಲ. ಆದ್ದರಿಂದ ನನ್ನ ಮಾತುಗಳನ್ನು ಬಿಚ್ಚುತ್ತಿದ್ದರು. ನನಗೆ ‘ಡಿಬೇಟ್ ಮೇಡಂ’ ಎಂದು ಹೆಸರಿಟ್ಟವರೂ ಅವರೇ. ನನ್ನ ಎದುರು ಕೋಣೆಯಲ್ಲಿ ಯಾದಗಿರಿ ಕಡೆಯ ಒಬ್ಬ ಗಾರೆ ಕೆಲಸದ ಮೇಸ್ತ್ರಿ ಹೆಂಡತಿಯೊಡನೆ ಇದ್ದ. ಇಂದಿರಾನಗರದಲ್ಲಿ ಆಗ ಏಳುತ್ತಿದ್ದ ಮನೆಗಳಲ್ಲಿ ಅವನಿಗೆ ಬಿಡುವಿಲ್ಲದ ಕೆಲಸ.

ರಕ್ತ ಕೊಡುವವರು ಬೇಕಾದಾಗ ನಾನು ಮಾಡಿದ್ದೇನು? ನನಗೆ ಬರುತ್ತಿದ್ದುದನ್ನೇ ಮಾಡಿದೆ. ಭಾನುವಾರ ಮಧ್ಯಾಹ್ನ ವಠಾರದ ಅಂಗಳದಲ್ಲಿ ಚರ್ಚಾಕೂಟ ಏರ್ಪಡಿಸಿದೆ. ವಿಷಯ: ‘ಆರೋಗ್ಯವಂತರು ಸಂಶೋಧನೆಗಾಗಿ ರಕ್ತ ಕೊಡುವುದು ಕರ್ತವ್ಯ.’ ಓನರಮ್ಮ ತೀರ್ಪುಗಾರರು. ಪರವಾಗಿ ನಾನು, ವಿರೋಧವಾಗಿ ಫಿಟ್ಟರ್ ರಾಯರು.

‘ಮಾನ್ಯ ಅಧ್ಯಕ್ಷರೇ’ ಎಂದು ನಾನು ಆರಂಭಿಸಿದ ಕೂಡಲೇ ಓನರಮ್ಮ ಹಿಂದೆ ತಿರುಗಿ ನೋಡಿದರು, ಯಾರೋ ದೊಡ್ಡವರು ಬಂದಿರಬೇಕೆಂದು.

ನನ್ನ ಭಾಷಣ ಮುಗಿದ ಮೇಲೆ ಫಿಟ್ಟರ್ ರಾಯರು ಎದ್ದರು. “ನೋಡಿ ಮೇಡಂ, ಕಾಯಿಲೆ ಬಿದ್ದೋರಿಗೆ ರಕ್ತ ಕೊಡು ಅಂದ್ರೆ ಕೊಡೋಣ. ಅದು ಮನುಷ್ಯತ್ವ. ನೀವು ಗಾಜಿನ ತಟ್ಟೆಗೆ ಕೊಡು ಅಂತೀರಲ್ಲ, ಆ ತಟ್ಟೆ ನಂಗೇನ್ ಸಂಬಂಧ? ಮಾವನ ಮಗನಾ?”

ಅಂಗಳ ನಕ್ಕಿತು. ನಾನು ನಗಲಿಲ್ಲ. ಪರೀಕ್ಷಿಸದ ವಿಮಾನದಲ್ಲಿ ಜನರನ್ನು ಕೂರಿಸುತ್ತೀರಾ ಎಂದು ಅವರನ್ನೇ ಕೇಳಿದೆ. ಮೊದಲು ನೆಲದ ಮೇಲೆ ಇಂಜಿನ್ ಓಡಿಸಿ ನೋಡುವುದಿಲ್ಲವೇ? ಗಾಜಿನ ತಟ್ಟೆ ಎಂದರೆ ಆ ನೆಲ. ರೋಗಿಯ ಮೈಗೆ ಹೋಗುವ ಮೊದಲು ಎಲ್ಲ ತಪ್ಪುಗಳೂ ಅಲ್ಲಿಯೇ ಆಗಿ ಮುಗಿಯಬೇಕು. ಆಮೇಲೆ ಕವಲುಕೋಶದ ಕೆಲಸವನ್ನು ವಿವರಿಸಿದೆ: ಅದು ಬೀದಿಯ ತಿರುವಿನಲ್ಲಿ ನಿಂತು, ಹೊಸಬರು ಯಾರೇ ಬಂದರೂ ಅಡಿಯಿಂದ ಮುಡಿಯವರೆಗೆ ನೋಡಿ, ಗುರುತನ್ನು ಮನೆಮನೆಗೂ ಮುಟ್ಟಿಸುವ ಕೋಶ.

“ಹಂಗಂದ್ರ ನಮ್ಮ ಓನರಮ್ಮ ಇದ್ದಂಗ ಅದ ಅನ್ರೀ ಅಕ್ಕಾರ” ಎಂದ ಮೇಸ್ತ್ರಿ.

“ಏಯ್, ಬಾಡಿಗೆ ಜಾಸ್ತಿ ಮಾಡ್ತೀನಿ ನೋಡು” ಎಂದು ಗದರಿಸುತ್ತಲೇ ಓನರಮ್ಮನ ಮುಖ ಅರಳಿತ್ತು. ಆಕೆಯ ತೀರ್ಪು ಚುಟುಕಾಗಿತ್ತು: “ಡಿಬೇಟ್ ಮೇಡಂ ಗೆದ್ರು. ಏಳಿ ಏಳಿ, ಟಿ.ವಿ.ಲಿ ಪಿಕ್ಚರ್ ಶುರುವಾಗೋಯ್ತು.”

ಚಪ್ಪಾಳೆಯೂ ಬಿತ್ತು. ಅಂಗಳ ಖಾಲಿಯಾಯಿತು. ರಕ್ತ ಕೊಡುತ್ತೇನೆಂದು ಒಬ್ಬರೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿಯ ಮುಂದೆ ಕೊಡಗಳ ಸಾಲು. ಫಿಟ್ಟರ್ ರಾಯರು ಹಲ್ಲುಜ್ಜುತ್ತ ಬಂದು ನಿಂತರು. “ಏನ್ ಮೇಡಂ, ಗೆದ್ರಲ್ಲ, ಎಷ್ಟ್ ಜನ ಬಂದ್ರು ನಿಮ್ ಕಡೆಗೆ?”

“ಯಾರೂ ಬಂದಿಲ್ಲ.”

“ನಾನ್ ಸೋತೋನು. ನಂಗೂ ಅಷ್ಟೇ ಜನ.” ಬಾಯಿ ಮುಕ್ಕಳಿಸಿ, ಸ್ವಲ್ಪ ಹತ್ತಿರ ಬಂದು, ಬೇರೆಯೇ ದನಿಯಲ್ಲಿ ಕೇಳಿದರು: “ಒಂದ್ ಡೌಟು. ನಿನ್ನೆ ಕೇಳೋಕೆ ಬಿಡ್ಲಿಲ್ಲ ನೀವು. ಆ ಕೋಶ ವಾರಗಟ್ಲೆ ತಟ್ಟೇಲಿ ಬದುಕಿರುತ್ತೆ ಅಂದ್ರಲ್ಲ, ಏನ್ ತಿಂದ್ಕೊಂಡ್ ಬದುಕಿರುತ್ತೆ? ಇಂಜಿನ್‌ಗೆ ಎಣ್ಣೆ ಬೇಕು. ಇದಕ್ಕೆ ಏನ್ ಹಾಕ್ತೀರಿ?”

ಕೊಡಗಳ ಸದ್ದು ನಿಂತಿತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಇದಕ್ಕೆ ಜಾಣ ಉತ್ತರವೊಂದಿತ್ತು. ‘ಪೋಷಕ ದ್ರವ’ ಎಂದು ಹೇಳಿ ಮುಗಿಸಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಜನ ತಮ್ಮ ಮೈಯಿಂದ ಕೊಡುವುದಾದರೆ ಅದರ ಬಗ್ಗೆ ಕೇಳಿದ್ದಕ್ಕೆಲ್ಲ ತಮ್ಮ ಭಾಷೆಯಲ್ಲಿ ನೇರ ಉತ್ತರ ಪಡೆಯಬೇಕೆಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಹೇಳಿದೆ: ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಕೋಶಗಳಿಗೆ ಉಣಿಸುವುದು ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ತಿಳಿ.

“ಶಿವ ಶಿವಾ” ಎಂದರು ಓನರಮ್ಮ. ಮೇಸ್ತ್ರಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಆದರೆ ನಮ್ಮ ಅಧ್ಯಯನದಲ್ಲಿ ಅದಿಲ್ಲ” ಎಂದೆ. “ಹೊರಗಿನದನ್ನು ಕಂಡುಹಿಡಿಯೋದೇ ಈ ಕೋಶಗಳ ಕೆಲಸ. ಹೊರಗಿನದನ್ನೇ ಉಣಿಸಿದರೆ ಅವಕ್ಕೆ ಗಲಿಬಿಲಿಯಾಗುತ್ತೆ. ಅದಕ್ಕೇ ಯಾರ ಕೋಶವೋ ಅವರದೇ ರಕ್ತದ ತಿಳಿ. ರಕ್ತ ಹೆಪ್ಪುಗಟ್ಟಿದಾಗ ಮೇಲೆ ಹಳದಿ ನೀರು ನಿಲ್ಲುತ್ತಲ್ಲ, ಅದೇ ಅವಕ್ಕೆ ಊಟ.”

ಓನರಮ್ಮ ಕೊಡವನ್ನು ಕೆಳಗಿಟ್ಟರು. “ಅಂದ್ರೆ, ನನ್ ಕೋಶ ನನ್ ಮನೆ ಊಟನೇ ತಿನ್ನುತ್ತೆ ಅನ್ನು.”

“ಒಂದು ರೀತಿಯಲ್ಲಿ ಹೌದಮ್ಮ.”

“ನಾನ್ ಬರ್ತೀನಿ. ನನ್ ರಕ್ತ ತಗೋ.”

ಒಂದು ಸಭೆಯ ಭಾಷಣದಿಂದ ಆಗದ್ದು ನಲ್ಲಿಯ ಮುಂದಿನ ಒಂದು ಉತ್ತರದಿಂದ ಆಯಿತು. ಓನರಮ್ಮ ಹೊರಟ ಮೇಲೆ ಉಳಿದವರು ಹಿಂದುಳಿಯುವಂತಿರಲಿಲ್ಲ. ಮೇಸ್ತ್ರಿ ಒಪ್ಪಿದ, ವಠಾರದ ಹಿಂದಿನ ಸಾಲಿನ ಮನೆಗಳ ಕೆಲವರು ಒಪ್ಪಿದರು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆಯ ಕಾಗದವನ್ನು ನಾನು ಸಾಲುಸಾಲಾಗಿ ಕನ್ನಡಕ್ಕೆ ತಂದು ಓದಿ ಹೇಳಿದೆ. ಫಿಟ್ಟರ್ ರಾಯರು ಮಾತ್ರ ಕೈಕಟ್ಟಿ ನಿಂತು, “ನಾನ್ ವಿರೋಧ ಪಕ್ಷ. ನಂಗೆ ತತ್ತ್ವ ಅಂತ ಒಂದಿದೆ” ಎಂದರು.

ಗೊತ್ತುಮಾಡಿದ ದಿನ ಬೆಳಿಗ್ಗೆ ನಾನು ಮೊದಲೇ ಹೋಗಿ ಪ್ರಯೋಗಾಲಯದಲ್ಲಿ ಸಿದ್ಧತೆ ಮಾಡಿಕೊಂಡಿದ್ದೆ. ಸಿಟಿ ಬಸ್ಸಿನಿಂದ ಇಳಿದು ಬಂದ ಗುಂಪನ್ನು ನೋಡಿ ನನಗೆ ಆಶ್ಚರ್ಯವಾಯಿತು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು. ಮೇಸ್ತ್ರಿ ಹಣೆಗೆ ವಿಭೂತಿ ಧರಿಸಿ, ಎಣ್ಣೆ ಹಚ್ಚಿ ತಲೆ ಬಾಚಿದ್ದ. ಎಲ್ಲರ ನಡಿಗೆಯಲ್ಲೂ ಭಾರವಾದ ಊಟವಾದ ಮೇಲಿನ ಗಾಂಭೀರ್ಯವಿತ್ತು. ನಮ್ಮ ನರ್ಸಮ್ಮ ಒಬ್ಬೊಬ್ಬರಿಂದಲೂ ಅರ್ಧ ಕಾಫಿ ಲೋಟದಷ್ಟು ರಕ್ತ ತೆಗೆದರು. ಯಾರೂ ಅಂಜಲಿಲ್ಲ. ಎಲ್ಲರೂ ನಗುತ್ತ ಮನೆಗೆ ಹೋದರು.

ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತೆಗೆದಾಗ ಕೆಂಪು ಕೆಳಗೆ ಕುಳಿತು ಮೇಲೆ ಜೇನಿನ ಬಣ್ಣದ ತಿಳಿ ನಿಲ್ಲಬೇಕು. ನಿಂತಿದ್ದದ್ದು ತಿಳಿಯಲ್ಲ. ಬೆಳ್ಳಗೆ, ಮಂದವಾಗಿ, ಗಾಜಿನ ಆಚೆ ಬೆರಳೂ ಕಾಣದಂಥ ದ್ರವ. ಇನ್ನೊಂದು ಕೊಳವೆ ನೋಡಿದೆ, ಅದೂ ಹಾಗೆಯೇ. ನಮಗೆ ಬೇಕಾದ ಕೋಶಗಳ ತೆಳುಪದರ ಆ ಬಿಳುಪಿನಲ್ಲಿ ಎಲ್ಲಿ ಅಡಗಿತ್ತೋ ತಿಳಿಯಲೇ ಇಲ್ಲ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ದಂಡಿನಲ್ಲೇ ಹುಟ್ಟಿ ಬೆಳೆದವರು. ಮನೆಮಾತು ತಮಿಳು, ಕನ್ನಡವನ್ನು ತಮ್ಮದೇ ಧಾಟಿಯಲ್ಲಿ ಸಲೀಸಾಗಿ ಆಡುತ್ತಿದ್ದರು. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಏನ್ಮಾ ಇದು? ರಕ್ತ ತರ್ಸಿದ್ಯಾ, ಮಜ್ಜಿಗೆ ತರ್ಸಿದ್ಯಾ? ಏನ್ ತಿಂದಿದ್ರು ಇವ್ರು?”

ಬೀಳ್ಕೊಡುವಾಗ ಮೇಸ್ತ್ರಿ ಓನರಮ್ಮ ಬಡಿಸಿದ ಬೆಳಗಿನ ತಿಂಡಿಯನ್ನು ಹೊಗಳಿದ್ದು ನೆನಪಾಯಿತು. “ಒಬ್ಬಟ್ಟು, ಸರ್. ತುಪ್ಪದ ಜೊತೆ.”

“ಎಷ್ಟು ತುಪ್ಪ?”

“ಅವರ ಮನೇಲಿ ತುಪ್ಪಕ್ಕೆ ಅಳತೆ ಅಂತ ಇಲ್ಲ, ಸರ್.”

ನಡೆದದ್ದು ಇಷ್ಟು. ಕೋಶಗಳಿಗೆ ಮನೆಯ ಊಟವೇ ಸಿಗುವುದೆಂದ ಮೇಲೆ ಓನರಮ್ಮ ಯೋಚಿಸಿದ್ದರು: ಪರದೇಶಿಗಳಂತೆ ಗಾಜಿನ ತಟ್ಟೆಯಲ್ಲಿ ವಾರ ಕಳೆಯಬೇಕಾದವು, ಹಳಸಲು ತಿಂದು ಹೋಗುವುದೇ? ಬೆಳಗಾಗುವ ಮೊದಲೇ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ರಕ್ತ ಕೊಡಲು ಹೊರಟ ಒಬ್ಬೊಬ್ಬರಿಗೂ ಸಾಕೆನ್ನುವವರೆಗೆ ಬಡಿಸಿದ್ದರು. ಆ ತುಪ್ಪವೆಲ್ಲ ಊಟವಾದ ಕೆಲವು ಗಂಟೆಗಳಲ್ಲಿ ರಕ್ತಕ್ಕಿಳಿದು, ಅಲ್ಲಿಂದ ನಮ್ಮ ಕೊಳವೆಗೆ ಬಂದಿತ್ತು. ಈ ತಪ್ಪನ್ನು ಜಗತ್ತಿನ ಯಾವ ಪ್ರಯೋಗಾಲಯದ ಕೈಪಿಡಿಯೂ ಊಹಿಸಿರಲಾರದು.

ಮುಖ್ಯಸ್ಥರು ಮೊದಲು ನಕ್ಕರು. ಆಮೇಲೆ ಗಂಭೀರರಾದರು. “ನೋಡಮ್ಮಾ, ಇದು ವೇಸ್ಟ್ ಆಯ್ತು ಅಂತ ಅವ್ರಿಗೆ ಹೇಳ್ಬೇಡ. ಥ್ಯಾಂಕ್ಸ್ ಹೇಳು, ಅಷ್ಟೇ. ಗೊತ್ತಾದ್ರೆ ಇನ್ನ್ಯಾರೂ ಬರಲ್ಲ.”

ಅವರ ಆತಂಕ ಸುಳ್ಳಾಗಿರಲಿಲ್ಲ. ಒಮ್ಮೆ ಕೊಟ್ಟವರಿಂದ ಕೆಲವು ತಿಂಗಳು ಮತ್ತೆ ರಕ್ತ ತೆಗೆಯಬಾರದೆಂದು ಸಮಿತಿಯ ನಿಯಮವಿತ್ತು. ಸಭೆ ಅದಕ್ಕಿಂತ ಬೇಗನೇ ಇತ್ತು. ಎಂದರೆ, ಈಗ ಬರಬೇಕಾದವರು ಹೊಸಬರು. ನನ್ನ ಭಾಷಣ ಕೇಳಿಯೂ, ಓನರಮ್ಮ ಹೊರಟದ್ದನ್ನು ಕಂಡೂ ಹಿಂದೆ ಉಳಿದವರು. ಕೊಟ್ಟವರ ರಕ್ತ ಕೆಲಸಕ್ಕೆ ಬರಲಿಲ್ಲವೆಂದು ಕೇಳಿದ ಮೇಲೆ ಅವರು ಬರುತ್ತಾರೆಯೇ?

“ಸರ್,” ಎಂದೆ, “ಮೊದಲನೆಯದಾಗಿ, ಕೊಟ್ಟವರಿಗೆ ಅದರ ಗತಿ ತಿಳಿಯುವ ಹಕ್ಕಿದೆ. ಎರಡನೆಯದಾಗಿ…”

ಅವರು ಕೈ ಎತ್ತಿದರು. “ಪಾಯಿಂಟ್ ಬೇಡಮ್ಮಾ. ನಿಂಗೆ ಏನ್ ಬೇಕು, ಅದು ಹೇಳು.”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ತಡವರಿಸಿದೆ. “ಅವರನ್ನ ಇಲ್ಲಿಗೆ ಕರ್ಕೊಂಡು ಬಂದು ಈ ಕೊಳವೆಗಳನ್ನ ತೋರಿಸಬೇಕು, ಸರ್. ವಠಾರದಲ್ಲಿ ಬರಬೇಕು ಅನ್ನೋರೆಲ್ಲ ಬರಲಿ.”

“ಲ್ಯಾಬ್ ಒಳಗಾ? ಇದೇನ್ ಕಲ್ಯಾಣ ಮಂಟಪಾನಾ?” ಎಂದವರು ಸ್ವಲ್ಪ ಹೊತ್ತು ಆ ಬಿಳಿಯ ಕೊಳವೆಯನ್ನೇ ತಿರುಗಿಸುತ್ತ ಕುಳಿತರು. “ಹೊರಗಿನ ರೂಮಿಗೆ ಮಾತ್ರ. ಕೋಶದ ರೂಮಿಗೆ ಕಾಲಿಟ್ರೆ ನಿನ್ನನ್ನೇ ಮುಂಬಯಿಗೆ ಕಳಿಸ್ತೀನಿ.”

ಮರುದಿನ ಸಂಜೆ ಅವರು ಬಂದರು. ವೈದ್ಯರಿಲ್ಲದ, ರೋಗಿಗಳಿಲ್ಲದ, ಆದರೂ ಆಸ್ಪತ್ರೆಯ ವಾಸನೆಯ ಆ ಬಂಗಲೆಯ ಬಾಗಿಲಲ್ಲಿ ಎಲ್ಲರೂ ತಾವಾಗಿಯೇ ಚಪ್ಪಲಿ ಬಿಟ್ಟರು. ಅಲ್ಲಿ ಬುಟ್ಟಿಯಲ್ಲಿದ್ದ ರಬ್ಬರ್ ಚಪ್ಪಲಿಗಳನ್ನು ಮೆಟ್ಟಿಕೊಂಡು ಒಳಗೆ ಬರಬೇಕೆಂದು ನಾನು ಹೇಳಿದೆ. ‘ಸುಮ್ನೆ ನೋಡೋಕೆ’ ಎಂದು ಜೊತೆಗೆ ಬಂದಿದ್ದ ಫಿಟ್ಟರ್ ರಾಯರು ಹೊಸಿಲಲ್ಲೇ ನಿಂತರು: “ಹೊರಗೆ ಚಪ್ಪಲಿ ಬಿಟ್ಟು ಒಳಗೆ ಚಪ್ಪಲಿ ಹಾಕೋ ದೇವಸ್ಥಾನ ಇದೊಂದೇ ಕಣಪ್ಪ ಇರೋದು.”

ಒಳಗೆ ಬಂದ ಮೇಲೆ ನಾನು ಭಾಷಣ ಮಾಡಲಿಲ್ಲ. ಒಂದು ಕಡೆ ಹಿಂದಿನ ತಿಂಗಳ ಒಂದು ಹಳದಿ ತಿಳಿಯ ಕೊಳವೆ ಇಟ್ಟೆ. ಪಕ್ಕದಲ್ಲಿ ಓನರಮ್ಮನ ಅನುಮತಿ ಕೇಳಿ ಆಕೆಯದನ್ನು ಇಟ್ಟೆ. “ಇದು ಹೀಗಿರಬೇಕಿತ್ತು. ನಿಮ್ಮದು ಹೀಗೆ ಬಂತು. ಇದರಲ್ಲಿ ಕೋಶ ಬೆಳೆಸೋಕಾಗಲ್ಲ. ನೀವೆಲ್ಲ ಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ, ಅಮ್ಮ.” ಹೇಳಿ ಮುಗಿಸಿ, ಮಾತಿಗಾಗಿ ಕಾದೆ.

ಓನರಮ್ಮ ಕನ್ನಡಕ ಸರಿಮಾಡಿಕೊಂಡು ಕೊಳವೆಯ ಹತ್ತಿರ ಬಗ್ಗಿದರು. ಸೂಕ್ಷ್ಮವಾಗಿ ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು.

“ಅಯ್ಯೋ, ಇದು ನನ್ ತುಪ್ಪ ಕಣಮ್ಮಾ!”

“ಯವ್ವಾ, ಅದಕ್ಕ ಅಂತೀನಿ,” ಎಂದ ಮೇಸ್ತ್ರಿ, “ಮೂರನೇ ಹೋಳ್ಗಿಗೇ ಸಾಕ್ರಿ ಅಂದಿದ್ದೆ. ಇವರ ಕೇಳಬೇಕಲ್ಲ. ನೋಡ್ರಿ ಈಗ, ರಕ್ತದಾಗೂ ಬಡಿಸ್ಯಾರ!”

ಕೋಣೆಯೇ ಅಲುಗುವಂತೆ ಎಲ್ಲರೂ ನಕ್ಕರು. ತನ್ನದು ಯಾವುದು, ತನ್ನದು ಎಷ್ಟು ಬೆಳ್ಳಗಿದೆ ಎಂದು ಕೊಟ್ಟವರೆಲ್ಲ ಕೇಳತೊಡಗಿದರು. ಒಳಕೋಣೆಯಿಂದ ಇಣುಕಿದ ಮುಖ್ಯಸ್ಥರಿಗೆ ತಮ್ಮ ಕಿವಿಗಳನ್ನು ನಂಬಲಾಗಲಿಲ್ಲ. ತಮ್ಮ ರಕ್ತ ವ್ಯರ್ಥವಾಯಿತೆಂದು ಕೇಳಿದ ಜನ ಹೀಗೆ ನಗುವುದನ್ನು ಅವರು ಕಂಡಿರಲಿಲ್ಲ.

ಫಿಟ್ಟರ್ ರಾಯರು ಮಾತ್ರ ನಗದೆ ಎರಡು ಕೊಳವೆಗಳನ್ನೂ ಅತ್ತಿಂದಿತ್ತ ನೋಡುತ್ತಿದ್ದರು, ಕಾರ್ಖಾನೆಯಲ್ಲಿ ಒಳ್ಳೆಯ ಎಣ್ಣೆಯನ್ನೂ ಕೆಟ್ಟ ಎಣ್ಣೆಯನ್ನೂ ನೋಡುವಂತೆ. “ಮೇಡಂ, ಅವತ್ತು ಅಕ್ಕನ ಒಬ್ಬಟ್ಟು ನಾನ್ ಮುಟ್ಲೇ ಇಲ್ಲ. ನಂದು ತೆಗೆದ್ರೆ ಯಾವ್ ಥರ ಬರುತ್ತೆ?”

“ತೆಗೆಯದೆ ಹೇಗೆ ಹೇಳಲಿ?”

“ಹಾಗಾದ್ರೆ ತೆಗೀರಿ. ಇದು ತತ್ತ್ವ ಬಿಟ್ಟಿದ್ದಲ್ಲ, ಹೇಳ್ಬಿಟ್ಟಿದೀನಿ. ಇನ್‌ಸ್ಪೆಕ್ಷನ್ ಇದು.”

ಅವರ ಹಿಂದೆ ಮೇಸ್ತ್ರಿಯ ಹೆಂಡತಿ ಮೆಲ್ಲಗೆ ಕೈ ಎತ್ತಿದಳು. ಆಮೇಲೆ ಹಿಂದಿನ ಸಾಲಿನ ಇನ್ನೂ ಕೆಲವರು.

ಆದರೆ ಒಂದು ತೊಡಕು ಉಳಿದಿತ್ತು. ಮುಖ್ಯಸ್ಥರು ಹೊರಗೆ ಬಂದು, ಈ ಸಲ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರು. ಓನರಮ್ಮನ ನಗು ಅಲ್ಲಿಗೇ ನಿಂತಿತು.

“ಅದಾಗಲ್ಲ ಸಾರ್. ನನ್ ವಠಾರದಿಂದ ಒಬ್ರನ್ನೂ ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಕಳಿಸಲ್ಲ. ಬೀದಿಯೋರು ನನ್ನ ಏನಂತಾರೆ?”

“ಅಮ್ಮಾ, ತುಪ್ಪ ಬಿದ್ರೆ ಕೆಲಸ ಕೆಡುತ್ತೆ ಅಮ್ಮಾ.”

“ತುಪ್ಪ ಹಾಕಲ್ಲ. ದೋಸೆ?”

“ಎಣ್ಣೆ ಇದೆ.”

“ಉಪ್ಪಿಟ್ಟು?”

“ಅದ್ರಲ್ಲೂ ಎಣ್ಣೆ.”

“ನಿಮ್ ಕೋಶಗಳು ಮದುವೆ ಗಂಡಿಗಿಂತ ಹೆಚ್ಚು ಕೊಂಕು ತೆಗೀತಾವಲ್ಲ ಸಾರ್! ರಾಗಿ ಗಂಜಿ? ನೀರಲ್ಲಿ ಕಾಯ್ಸಿ, ಒಂದ್ ಹರಳು ಉಪ್ಪು, ಅಷ್ಟೇ.”

ಮುಖ್ಯಸ್ಥರು ಯೋಚಿಸಿದರು. ಆ ಬಂಗಲೆಯಲ್ಲಿ ಎಷ್ಟೋ ಹಿರಿಯ ವಿಜ್ಞಾನಿಗಳು ಅವರ ಒಂದು ಮಾತನ್ನೂ ಬದಲಾಯಿಸಲಾಗದೆ ಹೋದದ್ದನ್ನು ನಾನು ಬಲ್ಲೆ. “ಗಂಜಿ ಓಕೆ” ಎಂದರು. “ಒಂದೇ ಲೋಟ. ಮಿಕ್ಕಿದ್ದೆಲ್ಲ ರಕ್ತ ಕೊಟ್ಟ ಮೇಲೆ.”

“ಹಂಗೆ ಬನ್ನಿ ದಾರಿಗೆ” ಎಂದು ಓನರಮ್ಮ ಒಪ್ಪಂದಕ್ಕೆ ಮುದ್ರೆಯೊತ್ತಿದರು.

ಎರಡನೆಯ ಸರದಿಯ ಕೊಳವೆಗಳನ್ನು ಯಂತ್ರದಿಂದ ತೆಗೆದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದರೆ ಜೇನಿನ ಬಣ್ಣ. ಅದರ ಕೆಳಗೆ ಮೋಡದ ಎಳೆಯಂತೆ ಕೋಶಗಳ ಪದರ. ಅದನ್ನು ನಳಿಕೆಯಿಂದ ಮೆಲ್ಲಗೆ ಹೀರಿ ತಟ್ಟೆಗಳಿಗೆ ಹಾಕಿ, ಅವರವರ ತಿಳಿಯನ್ನು ಅವರವರ ಕೋಶಗಳಿಗೆ ಬೆರೆಸಿ, ಮೈಯ ಬಿಸುಪನ್ನೇ ಕಾಯ್ದುಕೊಳ್ಳುವ ಪೆಟ್ಟಿಗೆಯೊಳಗೆ ಇಟ್ಟೆ. ವಿದ್ಯುತ್ತು ಕೈಕೊಡದಿರಲೆಂದು ಜನರೇಟರಿನವನಿಗೆ ದಿನವೂ ಚಹಾ ಕುಡಿಸಿದೆ. ದಿನ ಕಳೆದಂತೆ ತಟ್ಟೆಯ ತಳಕ್ಕೆ ಅಂಟಿಕೊಂಡಿದ್ದ ದುಂಡು ಕೋಶಗಳು ಒಂದೊಂದಾಗಿ ಬಿಡಿಸಿಕೊಂಡು, ಮೈಯಿಂದ ಕವಲುಗಳನ್ನು ಹೊರಚಾಚತೊಡಗಿದವು.

ವಠಾರದವರು ಮತ್ತೆ ಬಂದರು. ಈ ಸಲ ಯಾರೂ ಹೇಳದೆಯೇ ತಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗಿನದನ್ನು ಮೆಟ್ಟಿದರು. ಹೊರಕೋಣೆಗೆ ತಂದಿಟ್ಟ ಸೂಕ್ಷ್ಮದರ್ಶಕದ ಮುಂದೆ ಮೊದಲು ಕುಳಿತವಳು ಮೇಸ್ತ್ರಿಯ ಹೆಂಡತಿ. ಬಹಳ ಹೊತ್ತು ನೋಡಿದಳು. “ಇವು ನನ್ನವಾ ಅಕ್ಕಾರ? ಖರೇನಾ?” ಎಂದು ಕೇಳಿದಳು. ಖರೆ ಎಂದೆ. “ಏನ್ ಚೆಂದ ಅದಾವ” ಎಂದು ಮತ್ತೆ ಬಗ್ಗಿದಳು. ಅವಳನ್ನು ಎಬ್ಬಿಸಲು ಗಂಡ ಎರಡು ಸಲ ಕರೆಯಬೇಕಾಯಿತು.

ಫಿಟ್ಟರ್ ರಾಯರು ತಮ್ಮ ತಟ್ಟೆಯ ಮುಂದೆ ಕುಳಿತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕೈ ಚಾಚ್ತಾವಲ್ರೀ!” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, “ನೋಡಕ್ಕಾ, ಒಬ್ಬಟ್ಟಿಲ್ಲದೆ ಬೆಳೆದಿರೋದು” ಎಂದರು.

ಸಮಿತಿಯ ಸಭೆ ಮುಗಿಸಿ ಮುಖ್ಯಸ್ಥರು ಹೊರಬಂದಾಗ ನಾನು ಬಂಗಲೆಯ ಮೆಟ್ಟಿಲ ಮೇಲಿದ್ದೆ. “ಇಲ್ಲೇ ಇರುತ್ತಮ್ಮಾ” ಎಂದರು. “ಎಲ್ಲೂ ಹೋಗಲ್ಲ.” ಆರೋಗ್ಯವಂತರಿಗೆ ಅವರ ಭಾಷೆಯಲ್ಲಿ ವಿವರಿಸಿ, ಬೇಕೆಂದವರಿಗೆ ಅವರ ಕೋಶಗಳನ್ನು ತೋರಿಸುವ ಪದ್ಧತಿಯನ್ನೂ ಸಮಿತಿ ಒಪ್ಪಿತ್ತು. ಮುಂದಿನ ವರ್ಷಗಳಲ್ಲಿ ಆ ಹೊರಕೋಣೆಗೆ ಕೆ.ಆರ್. ಪುರದಿಂದಲೂ ಮಾರತ್ತಹಳ್ಳಿಯಿಂದಲೂ ಜನ ಬಂದರು. ಗಂಜಿಯ ನಿಯಮ ಕನ್ನಡದಲ್ಲಿ ಗೋಡೆಯ ಮೇಲೇರಿತು.

ಆ ಅಧ್ಯಯನದಿಂದ ಪವಾಡವೇನೂ ಆಗಲಿಲ್ಲ. ನಾವು ಏರಿದ್ದು ಒಂದು ಮೆಟ್ಟಿಲು. ನಮ್ಮ ನಂತರ ಬಂದವರು ಅದರ ಮೇಲೆ ನಿಂತು ಇನ್ನೊಂದನ್ನು ಕಟ್ಟಿದರು; ಅವರ ಮೇಲಿನವರು ಮತ್ತೊಂದನ್ನು. ಇಂದು ರೋಗಿಯ ಮೈಯ ಕಾವಲುಗಾರರಿಗೇ ಕಲಿಸಿ ಕಾಯಿಲೆಯೊಡನೆ ಹೋರಾಡಿಸುವ ಚಿಕಿತ್ಸೆಯ ಬಗ್ಗೆ ನೀವು ಪತ್ರಿಕೆಯಲ್ಲಿ ಓದುವಾಗ, ಅದರ ತಳದಲ್ಲಿ ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಜನರ ರಕ್ತವಿದೆಯೆಂಬುದನ್ನು ಅಲ್ಲಿ ಬರೆದಿರುವುದಿಲ್ಲ. ಬಟ್ಟೆಯ ಅಂಗಡಿಯವರು, ಗಾರೆಯವರು, ನಿವೃತ್ತರು, ಗೃಹಿಣಿಯರು ಬೆಳಿಗ್ಗೆ ಬಸ್ಸು ಹತ್ತಿ ಬಂದು, ತೋಳು ಚಾಚಿ, ಮತ್ತೆ ತಮ್ಮ ಕೆಲಸಕ್ಕೆ ಹೋದದ್ದರಿಂದ ಅದು ಸಾಧ್ಯವಾಯಿತು.

ಹೀಗೆ ರಕ್ತ ಕೊಡುವ ಆರೋಗ್ಯವಂತರ ಕೊರತೆ ಇಂದಿಗೂ ನೀಗಿಲ್ಲ. ಆದ್ದರಿಂದ ನನ್ನದೊಂದು ವಿನಂತಿ. ನೀವು ಆರೋಗ್ಯವಾಗಿದ್ದರೆ, ನಿಮ್ಮ ಊರಿನ ಸಂಶೋಧನಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಈ ತಿಂಗಳು ಒಮ್ಮೆ ಹೋಗಿ, ಅಲ್ಲಿನ ಅಧ್ಯಯನಗಳಿಗೆ ಆರೋಗ್ಯವಂತರ ರಕ್ತ ಬೇಕೇ ಎಂದು ವಿಚಾರಿಸಿ. ಅದು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಕನ್ನಡದಲ್ಲೇ ಕೇಳಿ. ಉತ್ತರ ಸಮಾಧಾನ ತಂದರೆ ದಯವಿಟ್ಟು ಕೊಡಿ; ತರದಿದ್ದರೆ, ತರುವವರೆಗೆ ಕೇಳುತ್ತಿರಿ.